ಚಿರತೆ, ಮೇಲಿನಂತೆ

ನಮ್ಮ ಭಾವ ಭೂದಾಖಲೆ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಕೂತವರು. ಅಷ್ಟು ವರ್ಷದಲ್ಲಿ ಅವರು ಸಂಪಾದಿಸಿದ ಜ್ಞಾನವನ್ನೆಲ್ಲ ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು: ರಿಜಿಸ್ಟರಿನಲ್ಲಿ ಕಲಂ ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ತಪಾಸಣೆಗೆ ಬಂದವರು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಾರೆ. ಕೆಂಪು ಸುತ್ತಿಗೆ ವಿವರಣೆ ಬರೆಯಬೇಕು, ವಿವರಣೆಗೆ ಮೇಲಿನವರ ಸಹಿ ಬೇಕು, ಮೇಲಿನವರು ಸಹಿ ಹಾಕುವ ಮೊದಲು ಬೈಯುತ್ತಾರೆ. ಆದ್ದರಿಂದ ಏನು ಬರೆಯಬೇಕೆಂದು ತೋಚದ ಕಡೆಯಲ್ಲೆಲ್ಲ ಭಾವ ದುಂಡಗೆ ‘ಮೇಲಿನಂತೆ’ ಎಂದು ಬರೆದುಬಿಡುತ್ತಾರೆ. ಮೇಲೆ ಏನಿದೆ ಎಂದು ಓದುವ ಪದ್ಧತಿ ಆ ಕಚೇರಿಯಲ್ಲಿ ಇಲ್ಲ. ಇದ್ದಿದ್ದರೆ ಅರ್ಧ ಊರು ಒಬ್ಬನೇ ಮನುಷ್ಯನ ಹೆಸರಿನಲ್ಲಿರುವುದು ಎಂದೋ ಬಯಲಾಗುತ್ತಿತ್ತು.

ಈ ಕಾಯಿಲೆ ಕಚೇರಿಯೊಳಗೇ ಇದ್ದಿದ್ದರೆ ನನಗೇನೂ ತಕರಾರಿರಲಿಲ್ಲ. ಒಮ್ಮೆ ಭಾವ ಹಲ್ಲುನೋವೆಂದು ಆಸ್ಪತ್ರೆಗೆ ಹೋದರು. ಬಾಗಿಲಲ್ಲಿ ಪುಸ್ತಕ ಇಟ್ಟಿದ್ದರು. ‘ಬಂದ ಕಾರಣ’ ಎಂಬ ಕಲಂನಲ್ಲಿ ಅಭ್ಯಾಸಬಲದಿಂದ ‘ಮೇಲಿನಂತೆ’ ಎಂದು ಬರೆದರು. ಮೇಲಿನ ಸಾಲಿನಲ್ಲಿ ‘ಹೆರಿಗೆ’ ಎಂದಿತ್ತು. ನರ್ಸಮ್ಮ ತೋರಿಸಿದ ಕಡೆ ಹೋಗಿ, ಹೆರಿಗೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೆನ್ನೆ ಹಿಡಿದುಕೊಂಡು ನಾಲ್ಕು ಗಂಟೆ ಕೂತಿದ್ದರು. ಪಕ್ಕದಲ್ಲಿ ಕೂತ ಗಂಡಸರು "ಮೊದಲನೇದಾ?" ಎಂದು ಕೇಳಿದರೆ "ಇಲ್ಲ, ಹೋದ ವರ್ಷ ಒಂದು ಕೀಳಿಸಿದ್ದೆ" ಎಂದರಂತೆ. ಕೊನೆಗೆ ನನ್ನ ಅಕ್ಕ ಹೋಗಿ, ಪುಸ್ತಕ ತಿದ್ದಿಸಿ, ಅವರ ಹಲ್ಲು ಕೀಳಿಸಿ, ಮನೆಗೆ ಕರೆತಂದಳು.

ಇಂಥವರನ್ನು ಕಟ್ಟಿಕೊಂಡು ನಾವು ಚಿರತೆ ನೋಡಲು ಹೋದೆವು.

ಅದು ಅಕ್ಕನ ಅದೃಷ್ಟ. ಹಾಸಿಗೆ ಅಂಗಡಿಯವನು ಕೊಟ್ಟ ಚೀಟಿಗೆ ಬಹುಮಾನ ಬಂದಿತ್ತು: ನದಿ ದಂಡೆಯ ಐಷಾರಾಮಿ ಸಫಾರಿ ಶಿಬಿರದಲ್ಲಿ ಮೂವರಿಗೆ ಎರಡು ದಿನ ಊಟ, ವಸತಿ, ದೋಣಿ ವಿಹಾರ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಬೇರೆಯವರ ಮದುವೆಗೆ ಮತ್ತು ಸಾವಿಗೆ ಬಿಟ್ಟರೆ ಎಲ್ಲಿಗೂ ಹೋಗದ ಅಕ್ಕ ಆ ಚೀಟಿಯನ್ನು ಕನ್ನಡಿಯ ಹಿಂದೆ ಇಟ್ಟುಕೊಂಡು ದಿನಕ್ಕೆರಡು ಸಲ ತೆಗೆದು ನೋಡುತ್ತಿದ್ದಳು. ಮೂರನೆಯವನಾಗಿ ನನ್ನನ್ನು ಆರಿಸಿದ್ದು ತಮ್ಮನೆಂಬ ಪ್ರೀತಿಯಿಂದ ಎಂದುಕೊಂಡಿದ್ದೆ. ಸೂಟ್‌ಕೇಸು ಎತ್ತಿದಾಗ ಕಾರಣ ತಿಳಿಯಿತು.

ಶಿಬಿರದಲ್ಲಿ ಆರು ಡೇರೆಗಳಿದ್ದವು. ಡೇರೆ ಎಂದರೆ ಹೆಸರಿಗೆ ಮಾತ್ರ. ನೆಲಕ್ಕೆ ಮರದ ಹಲಗೆ, ಮಂಚಕ್ಕೆ ಬಿಳಿ ಪರದೆ, ಬಚ್ಚಲಲ್ಲಿ ನಾಲ್ಕು ಕಾಲಿನ ಸ್ನಾನದ ತೊಟ್ಟಿ, ಟವೆಲನ್ನು ಹಂಸದ ಆಕಾರಕ್ಕೆ ಮಡಚಿ ಹಾಸಿಗೆಯ ಮೇಲೆ ಕೂರಿಸಿದ್ದರು. ಅದನ್ನು ಬಿಡಿಸಿದರೆ ಮತ್ತೆ ಮಡಚಲು ಬರುವುದಿಲ್ಲವೆಂದು ಭಾವ ಎರಡು ದಿನವೂ ಕರವಸ್ತ್ರದಲ್ಲಿ ಮೈ ಒರೆಸಿಕೊಂಡರು. ಕರೆಂಟು ಇತ್ತು, ಆದರೆ ಬಲ್ಬನ್ನು ಲಾಟೀನಿನೊಳಗೆ ಬಚ್ಚಿಟ್ಟಿದ್ದರು. ನಮ್ಮ ಮನೆಯಲ್ಲಿ ಕರೆಂಟು ಹೋದಾಗ ಪುಕ್ಕಟೆ ಸಿಗುವ ಮಬ್ಬನ್ನು ಇಲ್ಲಿ ದೊಡ್ಡ ಮನುಷ್ಯರು ದುಡ್ಡು ಕೊಟ್ಟು ಅನುಭವಿಸುತ್ತಿದ್ದರು.

ಮ್ಯಾನೇಜರ್ ಅತಿಥಿಗಳ ಜೊತೆ ಪಿಸುಮಾತಿನಲ್ಲೇ ಮಾತಾಡುತ್ತಿದ್ದ. ಕಾಡಿನ ನಿಶ್ಶಬ್ದ ಕೆಡಬಾರದಂತೆ. ಕೆಲಸದವರನ್ನು ಬೈಯುವಾಗ ಮಾತ್ರ ಆ ನಿಶ್ಶಬ್ದದ ಚಿಂತೆ ಅವನಿಗಿರಲಿಲ್ಲ. ಬಂದ ಕೂಡಲೇ ಒಂದು ಕಾಗದ ಮುಂದಿಟ್ಟ. ಕಾಡುಪ್ರಾಣಿಯಿಂದ ಏನಾದರೂ ಆದರೆ ಶಿಬಿರ ಹೊಣೆಯಲ್ಲ ಎಂಬ ಒಪ್ಪಿಗೆ ಪತ್ರ. ಉಳಿದವರೆಲ್ಲ ನೋಡದೆ ಸಹಿ ಹಾಕುತ್ತಾರಂತೆ. ಭಾವ ಅದನ್ನು ಅರ್ಧ ಗಂಟೆ ಓದಿ, ಇಬ್ಬರು ಸಾಕ್ಷಿಗಳ ಸಹಿ ಬೇಕೆಂದು ಹಠ ಹಿಡಿದು, ತಮಗೊಂದು ಪ್ರತಿ ಕೇಳಿದರು.

"ಇಲ್ಲಿ ಯಾರೂ ಪ್ರತಿ ಕೇಳಲ್ಲ ಸಾರ್," ಎಂದು ಮ್ಯಾನೇಜರ್ ಪಿಸುಗುಟ್ಟಿದ.

"ನನ್ನನ್ನ ಚಿರತೆ ತಿಂದ್ರೆ ನಾನು ಯಾವ ದಾಖಲೆ ತೋರಿಸ್ಲಿ?" ಎಂದರು ಭಾವ.

ಪಕ್ಕದ ಡೇರೆಯಲ್ಲಿ ಒಬ್ಬ ಟೈಲ್ಸ್ ವ್ಯಾಪಾರಿ ಮತ್ತು ಅವನ ಹೆಂಡತಿ ಇಳಿದಿದ್ದರು. ನಾವು ಅವರನ್ನು ಸಾಹುಕಾರ, ಟೈಲ್ಸಮ್ಮ ಎಂದು ಕರೆದುಕೊಂಡೆವು. ಸಾಹುಕಾರನ ಕ್ಯಾಮೆರಾಕ್ಕೆ ಚರಂಡಿ ಪೈಪಿನಷ್ಟು ಉದ್ದದ ಲೆನ್ಸಿತ್ತು. ಟೈಲ್ಸಮ್ಮ ತಲೆಯಿಂದ ಕಾಲಿನವರೆಗೆ ಎಲೆಬಣ್ಣದ ಬಟ್ಟೆ ತೊಟ್ಟು, ಮೇಲೆ ನಾಲ್ಕು ಫರ್ಲಾಂಗು ದೂರದ ಪ್ರಾಣಿಗೂ ಬಡಿಯುವಷ್ಟು ಸೆಂಟು ಪೂಸಿಕೊಂಡಿದ್ದಳು. ಅವರು ಅಲ್ಲಿಗೆ ಬಂದದ್ದು ಅದು ನಾಲ್ಕನೆಯ ಸಲ. ಇನ್ನೂ ಚಿರತೆ ಕಂಡಿರಲಿಲ್ಲ.

ಮೊದಲ ಊಟದ ಹೊತ್ತಿಗೆ ಟೈಲ್ಸಮ್ಮ ಅಕ್ಕನನ್ನು ಕೇಳಿದಳು, "ನೀವು ಯಾವ ಏಜೆಂಟ್ ಮೂಲಕ ಬುಕ್ ಮಾಡಿದ್ರಿ?"

"ಚೀಟೀಲಿ ಬಂತು," ಎಂದಳು ಅಕ್ಕ, ಸಂತೋಷದಿಂದ.

"ಓ, ಚೀಟಿಯವರು!" ಎಂದು ಟೈಲ್ಸಮ್ಮ ಗಂಡನ ಕಡೆ ತಿರುಗಿ ಸಣ್ಣಗೆ ನಕ್ಕಳು. ಅಲ್ಲಿಂದ ಮುಂದೆ ನಮ್ಮ ಹೆಸರೇ ಅದಾಯಿತು. ಚೀಟಿಯವರು ಬಂದರು, ಚೀಟಿಯವರಿಗೆ ಸೂಪ್ ಕೊಡಿ, ಚೀಟಿಯವರ ಕುರ್ಚಿ ಆಚೆ ಹಾಕಿ. ಅಕ್ಕ ಮನೆಯಿಂದ ತಂದಿದ್ದ ಹೊಸ ಸೀರೆಯನ್ನು ಸಂಜೆ ಉಡಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ದೋಣಿ ಹೊರಟಿತು. ನಾವು ಮೂವರು, ಅವರಿಬ್ಬರು, ಜೊತೆಗೆ ದೋಣಿ ನಡೆಸುವ ಗೈಡ್. ಗೈಡ್ ಆ ನದಿಯಲ್ಲೇ ಇಪ್ಪತ್ತೆರಡು ವರ್ಷ ಸವೆಸಿದ ಮನುಷ್ಯ. ಮಾತು ಕಡಿಮೆ. ಪ್ರತಿದಿನ ಕಂಡದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ, ಅದರ ನಕಲು ವಾರಕ್ಕೊಮ್ಮೆ ಅರಣ್ಯ ಇಲಾಖೆಗೆ ಹೋಗುತ್ತಿತ್ತು. ಭಾವ ಮಂಕಿ ಟೋಪಿ ಹಾಕಿಕೊಂಡು, ದುರ್ಬೀನನ್ನು ತಿರುವುಮುರುವಾಗಿ ಹಿಡಿದು, "ನದಿ ಬಹಳ ದೂರ ಇದೆ" ಎಂದು ಹೇಳಿ, ಎರಡೇ ನಿಮಿಷದಲ್ಲಿ ನನ್ನ ಭುಜದ ಮೇಲೆ ಗೊರಕೆ ಹೊಡೆದರು. ಸಾಹುಕಾರ ದಂಪತಿ ದಡಕ್ಕೆ ಬೆನ್ನು ಹಾಕಿ ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು. ಒಂದೂವರೆ ಗಂಟೆಯಲ್ಲಿ ನಾವು ಕಂಡದ್ದು ನಾಲ್ಕು ಕೊಕ್ಕರೆ ಮತ್ತು ಮೊಸಳೆ ಎಂದುಕೊಂಡ ಒಂದು ದಿಮ್ಮಿ.

"ಇವತ್ತು ಏನೂ ಕಾಣ್ಲಿಲ್ಲ," ಎಂದು ಗೈಡ್ ದೋಣಿ ಕಟ್ಟಿದ. ಕ್ಷಮೆ ಕೇಳುವ ಧಾಟಿ ಇರಲಿಲ್ಲ. ಕಾಣಲಿಲ್ಲ ಎಂದರೆ ಕಾಣಲಿಲ್ಲ.

ಊಟದ ಹಾಲಿನ ಮೂಲೆಯ ಮೇಜಿನ ಮೇಲೆ ಚರ್ಮದ ರಟ್ಟಿನ ಹೊಸ ರಿಜಿಸ್ಟರ್ ಇತ್ತು. ಅತಿಥಿಗಳು ಕಾಡಿನಲ್ಲಿ ಕಂಡದ್ದನ್ನು ಬರೆಯುವ ಪುಸ್ತಕ. ದಿನಾಂಕ, ಹೊತ್ತು, ಜಾಗ, ಕಂಡದ್ದು, ಸಹಿ ಎಂದು ಐದು ಕಲಂ. ಮೊದಲ ಸಾಲು ಮಾತ್ರ ತುಂಬಿತ್ತು, ಕೆಳಗೆಲ್ಲ ಖಾಲಿ. ಇದನ್ನು ಕಂಡ ಭಾವನ ಕಣ್ಣು ಆ ಬೆಳಿಗ್ಗೆ ಮೊದಲ ಸಲ ಪೂರ್ತಿ ತೆರೆಯಿತು. ಜೇಬಿನಿಂದ ಪೆನ್ನು ತೆಗೆದರು. ದಿನಾಂಕ ಬರೆದರು. ಹೊತ್ತು: ಮೇಲಿನಂತೆ. ಜಾಗ: ಮೇಲಿನಂತೆ. ಕಂಡದ್ದು: ಮೇಲಿನಂತೆ. ಆಮೇಲೆ ಮೂರು ಸುತ್ತಿನ ಸಹಿ ಹಾಕಿ, ಶಾಯಿ ಒಣಗಲೆಂದು ಊದಿ, ತಿಂಡಿಗೆ ಬಂದು ಕೂತರು.

ಮ್ಯಾನೇಜರ್ ರಿಜಿಸ್ಟರ್ ನೋಡಿದ್ದು ನಾವು ಎರಡನೆಯ ಲೋಟ ಕಾಫಿ ಕುಡಿಯುವಾಗ. ಅವನ ಬಾಯಿಂದ ಅಷ್ಟು ದೊಡ್ಡ ಸ್ವರ ಅತಿಥಿಗಳ ಮುಂದೆ ಎಂದೂ ಬಂದಿರಲಿಕ್ಕಿಲ್ಲ.

"ಚಿರತೆ! ಮರಿಗಳ ಸಮೇತ!"

ಚಮಚಗಳು ನಿಂತವು. ಮ್ಯಾನೇಜರ್ ರಿಜಿಸ್ಟರನ್ನು ಎದೆಗವಚಿಕೊಂಡು ಭಾವನ ಹತ್ತಿರ ಓಡಿಬಂದ. ಮೊದಲ ಸಾಲಿನಲ್ಲಿ ಹೀಗಿತ್ತು: ಬೆಳಿಗ್ಗೆ ಆರೂಕಾಲು, ಎದುರು ದಡ, ಬಿದ್ದ ಮರದ ಹತ್ತಿರ, ಹೆಣ್ಣು ಚಿರತೆ, ಎರಡು ಮರಿ, ನೀರು ಕುಡಿಯುತ್ತಿದ್ದವು.

"ಸಾರ್, ಈ ಸೀಸನ್ನಲ್ಲಿ ಯಾರಿಗೂ ಕಂಡಿಲ್ಲ. ನೀವು ನೋಡಿ ಸುಮ್ನೆ ತಿಂಡಿ ತಿಂತಾ ಇದ್ದೀರಲ್ಲ!"

"ನಾನು ಮೇಲಿನಂತೆ ಅಂತ ಬರೆದೆ ಅಷ್ಟೆ," ಎಂದರು ಭಾವ, ಗಾಬರಿಯಿಂದ.

"ಎಂಥಾ ವಿನಯ!" ಎಂದು ಮ್ಯಾನೇಜರ್ ಸುತ್ತಲಿನವರ ಕಡೆ ತಿರುಗಿದ. ಉಳಿದ ಡೇರೆಯವರೆಲ್ಲ ಕುರ್ಚಿ ಎಳೆದುಕೊಂಡು ಬಂದರು. ಹೇಗಿತ್ತು, ಎಷ್ಟು ದೊಡ್ಡದು, ಏನು ಮಾಡುತ್ತಿತ್ತು? ಭಾವ ರಿಜಿಸ್ಟರಿನ ಕಡೆ ಕಣ್ಣು ಹಾಯಿಸಿ, "ನೀರು ಕುಡಿಯುತ್ತಿದ್ದವು" ಎಂದರು. ಮತ್ತೆ? "ಬಿದ್ದ ಮರದ ಹತ್ತಿರ." ಮತ್ತೆ? "ಮೇಲೆ ಏನಿದೆಯೋ ಅಷ್ಟೇ." ಕಾಡನ್ನು ನಿಜವಾಗಿ ಬಲ್ಲವರು ಹೀಗೇ ಮಿತವಾಗಿ ಮಾತಾಡುವುದು ಎಂದು ಒಬ್ಬ ಮುದುಕ ತನ್ನ ಹೆಂಡತಿಗೆ ವಿವರಿಸಿದ.

ಆ ಹೊತ್ತಿನಲ್ಲಿ ಭಾವ ಬಾಯಿ ಬಿಟ್ಟು ನಿಜ ಹೇಳಬಹುದಿತ್ತು. ಬಾಯಿ ಬಿಟ್ಟರು ಕೂಡ. ಅಷ್ಟರಲ್ಲಿ ಸಾಹುಕಾರ ಎದ್ದು ನಿಂತು, "ಒಂದೇ ದೋಣೀಲಿದ್ವಿ. ಚೀಟಿಯವರಿಗೆ ಕಂಡಿದ್ದು ನಮಗೆ ಕಾಣದೆ ಇರುತ್ತಾ? ನಾವೂ ನೋಡಿದ್ವಿ!" ಎಂದು ಗುಡುಗಿದ.

"ಮತ್ತೆ ಫೋಟೋ?" ಎಂದು ಯಾರೋ ಕೇಳಿದರು.

"ಕೆಲವು ದೃಶ್ಯಗಳನ್ನ ಕಣ್ಣಲ್ಲೇ ನೋಡ್ಬೇಕು ಕಣ್ರೀ," ಎಂದಳು ಟೈಲ್ಸಮ್ಮ, ಕಣ್ಣು ಅರ್ಧ ಮುಚ್ಚಿ. "ಆ ತಾಯಿ ನನ್ನನ್ನೇ ನೋಡ್ತಿತ್ತು. ನಾನೂ ತಾಯಿ ಅಲ್ವಾ?"

ಇಬ್ಬರೂ ಹೋಗಿ ಭಾವನ ಸಾಲಿನ ಕೆಳಗೆ ‘ಮೇಲಿನಂತೆ’ ಎಂದು ಬರೆದು ಸಹಿ ಹಾಕಿದರು. ತಮ್ಮ ಪದ್ಧತಿಯನ್ನು ಇನ್ನೊಬ್ಬರು ಅನುಸರಿಸಿದ್ದು ಕಂಡು ಭಾವನ ಮುಖ ಅರಳಿತು. ಬಾಯಿ ಮುಚ್ಚಿತು.

ಅರ್ಧ ಗಂಟೆಯಲ್ಲಿ ನಮ್ಮನ್ನು ನದಿಯ ಅಂಚಿನ ದೊಡ್ಡ ಡೇರೆಗೆ ಸಾಗಿಸಿದರು. ಅಲ್ಲಿ ಟವೆಲಿನ ಹಂಸಗಳು ಎರಡಿದ್ದವು. ಮ್ಯಾನೇಜರ್ ಅಕ್ಕನಿಗೆ ಬಾಗಿಲು ತೆಗೆದು ಹಿಡಿದ, ‘ಮೇಡಂ’ ಎಂದ. ಟೈಲ್ಸಮ್ಮ ತಾನಾಗಿ ಬಂದು, "ನಿಮ್ಮ ಯಜಮಾನರ ಕಣ್ಣು ಎಷ್ಟು ಚುರುಕು ಅಕ್ಕ!" ಎಂದಳು. ಅಕ್ಕ ಹೊಸ ಸೀರೆ ಉಟ್ಟಳು. ಅವಳು ಡೇರೆಯ ಮುಂದಿನ ಕಟಕಟೆಗೆ ಒರಗಿ ನದಿ ನೋಡುತ್ತಾ ನಿಂತದ್ದನ್ನು ಕಂಡಾಗ, ನನ್ನ ಭುಜದ ಮೇಲೆ ಗೊರಕೆ ಹೊಡೆದ ಆ ಹುಸಿ ಸಾಕ್ಷಿಯನ್ನು ಕ್ಷಮಿಸಿಬಿಡೋಣ ಎಂದು ನನಗೂ ಅನ್ನಿಸಿತು.

ಆದರೆ ಹೊತ್ತು ನೆತ್ತಿಗೇರುವುದರೊಳಗೆ ಬಟ್ಟೆ ತೊಳೆಯುವ ಹೆಂಗಸು ಹಾಸಿಗೆ ಬದಲಿಸಲು ಬಂದಳು. ಹಂಸ ಮಡಚುವವಳು ಅವಳೇ. ಮಡಚುತ್ತಾ ಮಡಚುತ್ತಾ ಅಳತೊಡಗಿದಳು. ಅಕ್ಕ ಬಿಡದೆ ಕೇಳಿದಳು. ಅವಳು ಗೈಡ್‌ನ ಹೆಂಡತಿ.

ಆಗಿದ್ದು ಇಷ್ಟು. ಮ್ಯಾನೇಜರ್ ಸುದ್ದಿಯನ್ನು ಶಿಬಿರದ ಒಡೆಯನಿಗೆ ಫೋನಿನಲ್ಲಿ ಹೇಳಿದ್ದ. ಒಡೆಯ ಹಿಗ್ಗಿ ಊರಿಗೆಲ್ಲ ಹೇಳಿದ್ದ. ಮರಿ ಹಾಕಿದ ಚಿರತೆ ಎಂದ ಮೇಲೆ ಅರಣ್ಯ ಇಲಾಖೆಯ ರೇಂಜರ್ ಸಂಜೆ ನಾಲ್ಕಕ್ಕೆ ಖುದ್ದು ಬಂದು ದಾಖಲೆ ನೋಡುತ್ತೇನೆ ಎಂದಿದ್ದರು. ದಾಖಲೆ ಎಂದರೆ ಗೈಡ್‌ನ ನೋಟ್‌ಬುಕ್. ಅದರಲ್ಲಿ ಅವತ್ತಿನ ದಿನಾಂಕದ ಮುಂದೆ ‘ಏನೂ ಕಾಣಲಿಲ್ಲ’ ಎಂದಿತ್ತು.

"ತಿದ್ದಿ ಬರಿ ಅಂದ್ರು. ಇವರು ಆಗಲ್ಲ ಅಂದ್ರು," ಎಂದಳು ಅವಳು. "ಗಿರಾಕಿಗಳಿಗೆ ಕಂಡಿದ್ದು ನಿನಗೆ ಕಾಣದಿದ್ರೆ ನಿನ್ನ ಕಣ್ಣು ಹೋಗಿದೆ, ರೇಂಜರ್ ಬರೋದ್ರೊಳಗೆ ಬರೀತೀಯೋ ಗಂಟುಮೂಟೆ ಕಟ್ತೀಯೋ ಅಂದ್ರಂತೆ. ಇವರು ಬಂದು ಗಂಟು ಕಟ್ತಾ ಇದ್ದಾರೆ ಅಮ್ಮ. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇದ್ದೀವಿ. ಎಲ್ಲಿಗೆ ಅಂತ ಹೋಗೋದು?"

ಅಕ್ಕ ಅವಳನ್ನು ಕಳಿಸಿ, ಭಾವನ ಎದುರು ಬಂದು ನಿಂತಳು. ಭಾವ ಸ್ನಾನದ ತೊಟ್ಟಿಯಲ್ಲಿ ಬಟ್ಟೆ ಸಮೇತ, ನೀರಿಲ್ಲದೆ ಮಲಗಿ ಅಳತೆ ನೋಡುತ್ತಿದ್ದರು.

"ರೀ, ನೀವು ಚಿರತೆ ನೋಡಿದ್ರಾ?"

"ರಿಜಿಸ್ಟರಿನಲ್ಲಿದೆಯಲ್ಲ."

"ನಾನು ರಿಜಿಸ್ಟರ್ ಕೇಳ್ಲಿಲ್ಲ. ನಿಮ್ಮನ್ನ ಕೇಳ್ದೆ."

ಭಾವ ತೊಟ್ಟಿಯ ಅಂಚಿನಿಂದ ತಲೆ ಎತ್ತಿದರು. "ಕಲಂ ಖಾಲಿ ಇತ್ತು," ಎಂದರು.

"ಹಾಗಾದ್ರೆ ಹೋಗಿ ಹೇಳಿ."

"ಸಹಿ ಮಾಡಿದ ನಮೂದು ಕಣೇ! ತಿದ್ದಬೇಕಾದ್ರೆ ಅದಕ್ಕೊಂದು ಕ್ರಮ ಇದೆ. ಅಲ್ದೆ ನಿನ್ನ ಮರ್ಯಾದೆ ಏನಾಗುತ್ತೆ? ಮೇಡಂ ಅಂತ ಕರೀತಿದ್ದಾರೆ. ನಾಳೆ ಮತ್ತೆ ಚೀಟಿಯವರು ಅಂತಾರೆ."

"ಅನ್ಲಿ. ಚೀಟೀಲೇ ತಾನೆ ಬಂದಿದ್ದು? ಹೆರಿಗೆ ಅಂತ ಬರೆದಾಗ ಮಾತ್ರ ತಿದ್ದಿಸ್ಕೊಂಡ್ರಿ. ಅವತ್ತು ನಿಮ್ಮ ಹಲ್ಲು. ಇವತ್ತು ಅವನ ಅನ್ನ. ಅಷ್ಟೇ ವ್ಯತ್ಯಾಸ."

ಅಕ್ಕ ಇಷ್ಟು ಮಾತಾಡಿದ್ದು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಭಾವ ತೊಟ್ಟಿಯಿಂದ ಏಳಲು ಹೋಗಿ ಜಾರಿ ಮತ್ತೆ ಒಳಗೇ ಬಿದ್ದರು. ನಾನು ಎಬ್ಬಿಸಲಿಲ್ಲ.

ನಾಲ್ಕು ಗಂಟೆಗೆ ಸರಿಯಾಗಿ ರೇಂಜರ್ ಸಾಹೇಬರ ಜೀಪು ಬಂತು. ದಪ್ಪ ಬೂಟು, ಬಗಲಲ್ಲಿ ಫೈಲು, ಜೇಬಿನಲ್ಲಿ ಎರಡು ಪೆನ್ನು. ಅದರಲ್ಲಿ ಒಂದು ಕೆಂಪು ಎಂಬುದನ್ನು ಭಾವ ಮೂವತ್ತು ಅಡಿ ದೂರದಿಂದಲೇ ಗುರುತಿಸಿ ಬೆವರಿದರು. ದೂರದಿಂದ ಏನನ್ನಾದರೂ ಸರಿಯಾಗಿ ಗುರುತಿಸಿದ್ದು ಆ ಪ್ರವಾಸದಲ್ಲಿ ಅದೊಂದೇ. ಊಟದ ಹಾಲಿನಲ್ಲಿ ಎಲ್ಲರೂ ಸೇರಿದರು. ಗೈಡ್ ಬಾಗಿಲ ಹತ್ತಿರ ಒಂದು ತಗಡಿನ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ.

"ಯಾರು ನೋಡಿದ್ದು?" ಎಂದರು ರೇಂಜರ್.

ಸಾಹುಕಾರ ಎಲ್ಲರಿಗಿಂತ ಮೊದಲು ಎದ್ದ. "ನಾನು ಸಾರ್. ಸ್ಪಷ್ಟವಾಗಿ. ಮೂರು ಮರಿ."

"ಇಲ್ಲಿ ಎರಡು ಅಂತಿದೆ."

"ಮೂರನೇದು ಸ್ವಲ್ಪ ಹಿಂದೆ ಇತ್ತು ಸಾರ್, ಕುಂಟ್ತಾ ಇತ್ತು."

"ಪಾಪ," ಎಂದಳು ಟೈಲ್ಸಮ್ಮ, ಕಣ್ಣೊರೆಸಿಕೊಂಡು.

"ಎಲ್ಲಿ? ಬಿದ್ದ ಮರದ ಹತ್ತಿರಾನಾ?"

"ಮರದ ಮೇಲೇನೇ ಸಾರ್! ತಾಯಿ ಕಾಲು ಚಾಚ್ಕೊಂಡು ಮಲಗಿತ್ತು."

ರೇಂಜರ್ ನಿಧಾನವಾಗಿ ತಲೆ ಎತ್ತಿದರು. "ಆ ಮರ ಹೋದ ವರ್ಷದ ಪ್ರವಾಹದಲ್ಲಿ ಕೊಚ್ಕೊಂಡು ಹೋಯ್ತು. ಅಲ್ಲಿ ಈಗ ಮರಳು ಬಿಟ್ರೆ ಏನಿಲ್ಲ."

ಮ್ಯಾನೇಜರ್ ಕೆಮ್ಮಿದ. ಕಾಡಿನ ನಿಶ್ಶಬ್ದ ಎಂದರೆ ಏನೆಂದು ಆಗ ನನಗೆ ಗೊತ್ತಾಯಿತು. ಅಕ್ಕ ಭಾವನ ಕಡೆ ನೋಡಿದಳು. ಭಾವ ಗೈಡ್‌ನ ತಗಡಿನ ಪೆಟ್ಟಿಗೆಯ ಕಡೆ ನೋಡಿದರು, ಆಮೇಲೆ ಕೆಂಪು ಪೆನ್ನಿನ ಕಡೆ, ಆಮೇಲೆ ಮತ್ತೆ ಪೆಟ್ಟಿಗೆಯ ಕಡೆ. ಕೊನೆಗೆ ಶಾಲೆಯ ಹುಡುಗನಂತೆ ಕೈ ಎತ್ತಿ ಎದ್ದು ನಿಂತರು.

"ಸಾರ್, ಸದರಿ ನಮೂದನ್ನು ಮಾಡಿದವನು ನಾನು. ಸದರಿ ಹೊತ್ತಿನಲ್ಲಿ ನಾನು ಇವನ ಭುಜದ ಮೇಲೆ ನಿದ್ದೆ ಮಾಡುತ್ತಿದ್ದೆ. ಚಿರತೆ ನೋಡಲಿಲ್ಲ. ಕೊಕ್ಕರೆ ಕೂಡ ನೋಡಲಿಲ್ಲ."

"ಮತ್ಯಾಕ್ರೀ ಬರೆದ್ರಿ?"

"ಕಲಂ ಖಾಲಿ ಇತ್ತು ಸಾರ್."

ರೇಂಜರೂ ಸರ್ಕಾರಿ ನೌಕರರೇ. ಎಲ್ಲೋ ಏನೋ ಅರ್ಥವಾದಂತೆ ಕಂಡಿತು. ನಂತರ ಸಾಹುಕಾರನ ಕಡೆ ತಿರುಗಿದರು.

"ನೀವು ಇವರ ಕೆಳಗೆ ಮೇಲಿನಂತೆ ಅಂತ ಬರೆದಿದ್ದೀರಿ. ಇವರು ನಿದ್ದೆ ಮಾಡ್ತಿದ್ರು. ಅಂದ್ಮೇಲೆ ನಿಮ್ಮದೂ ನಿದ್ದೆ ಅಂತಲೇ ಬರ್ಕೊಳ್ಳಾ?"

ಸಾಹುಕಾರ ಇಂಗು ತಿಂದ ಮಂಗನ ಹಾಗೆ ಕೂತ. ಟೈಲ್ಸಮ್ಮ ಇದ್ದಕ್ಕಿದ್ದಂತೆ ತಲೆನೋವೆಂದು ಹಣೆ ಹಿಡಿದುಕೊಂಡಳು.

"ಈಗ ಈ ಮೊದಲನೇ ಸಾಲು," ಎಂದು ರೇಂಜರ್ ಬೆರಳಿಟ್ಟರು. "ಮ್ಯಾನೇಜರೇ, ಸಹಿ ನಿಮ್ಮದು. ಇಲ್ಲದ ಮರದ ಹತ್ತಿರ ನೀವು ಯಾವಾಗ ನೋಡಿದ್ರಿ?"

ಮ್ಯಾನೇಜರ್‌ನ ಪಿಸುಮಾತು ಈ ಸಲ ಪ್ರಾಣಿಗಳ ಸಲುವಾಗಿ ಆಗಿರಲಿಲ್ಲ. "ಅದು ಮಾದರಿ ಸಾರ್. ಹೊಸ ರಿಜಿಸ್ಟರ್ ಅಲ್ವಾ, ಅತಿಥಿಗಳಿಗೆ ಹೇಗೆ ತುಂಬಿಸೋದು ಅಂತ ಗೊತ್ತಾಗ್ಲಿ ಅಂತ..."

ಅಂಚಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಮಾದರಿ’ ಎಂದು ಬರೆದೂ ಇತ್ತು. ಮಾದರಿ ಎಂದು ಬರೆದವನಿಗೇ ಅದು ಮಾದರಿ ಎಂಬುದು ಬೆಳಿಗ್ಗೆ ಮರೆತುಹೋಗಿತ್ತು. ಚಿರತೆ ಬೇಕೇ ಬೇಕು ಎಂದು ಕೂತವರಿಗೆ ಅಂಚು ಕಾಣುವುದಿಲ್ಲ. ನನ್ನನ್ನು ಕೇಳಿದರೆ ಆ ಹಾಲಿನಲ್ಲಿದ್ದವರಲ್ಲಿ ನಿದ್ದೆ ಮಾಡಿದ್ದೆ ಎಂದ ನಮ್ಮ ಭಾವನೇ ಉಳಿದವರಿಗಿಂತ ಸ್ವಲ್ಪ ಎಚ್ಚರವಾಗಿದ್ದವರು.

ರೇಂಜರ್ ಗೈಡ್‌ನ ಪೆಟ್ಟಿಗೆ ತೆರೆಸಿದರು. ಒಳಗೆ ಬಟ್ಟೆಬರೆ ಇರಲಿಲ್ಲ. ಇಪ್ಪತ್ತೆರಡು ವರ್ಷದ ನೋಟ್‌ಬುಕ್ಕುಗಳಿದ್ದವು. ಒಂದನ್ನು ತೆಗೆದು ಎರಡು ಪುಟ ಓದಿ, ಜೋಪಾನವಾಗಿ ಹಿಂದಕ್ಕಿಟ್ಟರು. ಆಮೇಲೆ ಕೆಂಪು ಪೆನ್ನು ತೆಗೆದು ರಿಜಿಸ್ಟರಿನ ನಾಲ್ಕೂ ಸಾಲಿಗೆ ಸುತ್ತು ಹಾಕಿದರು. ಭಾವ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಕೊನೆಗೆ ರೇಂಜರ್ ಒಂದು ಆದೇಶ ಬರೆದರು: ಇನ್ನು ಮುಂದೆ ಗೈಡ್‌ನ ಸಹಿ ಇಲ್ಲದೆ ಈ ಪುಸ್ತಕದ ಯಾವ ಸಾಲೂ ಲೆಕ್ಕಕ್ಕಿಲ್ಲ, ಗೈಡ್ ಬದಲಾದರೆ ಇಲಾಖೆಗೆ ಕಾರಣ ಬರೆಯತಕ್ಕದ್ದು.

"ಪೆಟ್ಟಿಗೆ ಒಳಗಿಡಪ್ಪ," ಎಂದರು ಗೈಡ್‌ಗೆ. ಅವನು ಒಳಗಿಟ್ಟ.

ಸಾಹುಕಾರ ದಂಪತಿ ಅಂಗಡಿಯಲ್ಲಿ ತುರ್ತು ಕೆಲಸ ನೆನಪಾಯಿತೆಂದು ಸಂಜೆಯೇ ಹೊರಟರು. ನಮ್ಮನ್ನು ಹಳೆಯ ಡೇರೆಗೆ ದಬ್ಬಿದರು. ಬಾಗಿಲನ್ನು ನಾವೇ ತೆಗೆದುಕೊಂಡೆವು. ರಾತ್ರಿಯ ಊಟದಲ್ಲಿ ನಮ್ಮ ಕುರ್ಚಿಗಳ ಸುತ್ತ ಯಾರೂ ಕೂರಲಿಲ್ಲ. ಅಕ್ಕ ಮಾತ್ರ ಹೊಸ ಸೀರೆಯಲ್ಲೇ ಬಂದು ಎರಡು ಸಲ ಹಾಕಿಸಿಕೊಂಡು ಉಂಡಳು.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ನಾವು ಮೂವರೇ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ದಡವೂ ಕಾಣಲಿಲ್ಲ, ಕೊಕ್ಕರೆಯೂ ಕಾಣಲಿಲ್ಲ. ಭಾವ ಶಿಕ್ಷೆಯೆಂಬಂತೆ ಕಣ್ಣು ಪಿಳುಕಿಸದೆ ಕೂತಿದ್ದರು. ಅಕ್ಕ ನೀರಿನಲ್ಲಿ ಕೈ ಅದ್ದಿಕೊಂಡು ಆ ಬಿಳಿ ಮಂಜನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಹಿಂದೆ ಕಂಡದ್ದು ಅವಳ ಮದುವೆಗೆ ಮುಂಚೆ.

ಹೊರಡುವ ಮೊದಲು ಭಾವ ರಿಜಿಸ್ಟರಿನ ಮುಂದೆ ಕೂತರು. ಐದನೆಯ ಸಾಲು ಖಾಲಿ ಇತ್ತು. ದಿನಾಂಕ, ಹೊತ್ತು, ಜಾಗ ಬರೆದರು. ‘ಕಂಡದ್ದು’ ಎಂಬಲ್ಲಿ ಪೆನ್ನು ತಾನಾಗಿ ದುಂಡಗೆ ತಿರುಗಲು ಹೊರಟಿತು. ಅಕ್ಕ ಗಂಟಲು ಸರಿಮಾಡಿಕೊಂಡಳು. ಪೆನ್ನು ನಿಂತಿತು. ಇಪ್ಪತ್ತಾರು ವರ್ಷದ ಅಭ್ಯಾಸವನ್ನು ಹತ್ತಿಕ್ಕಿ, ಹಣೆಯ ಬೆವರು ಕರವಸ್ತ್ರದಲ್ಲಿ ಒರೆಸಿಕೊಂಡು, ಅವರು ಒಂದೊಂದೇ ಅಕ್ಷರ ಬರೆದರು: ‘ಏನೂ ಕಾಣಲಿಲ್ಲ.’ ಮೂರು ಸುತ್ತಿನ ಸಹಿ ಹಾಕಿದರು.

ನಿಯಮದಂತೆ ಗೈಡ್ ಸಹಿ ಹಾಕಬೇಕಿತ್ತು. ಅವನು ಕನ್ನಡಕ ಹಾಕಿಕೊಂಡು, ಭಾವ ಬರೆದ ಸಾಲನ್ನು ಮೊದಲಿಂದ ಕೊನೆಯವರೆಗೆ ಓದಿದ. ಮತ್ತೊಮ್ಮೆ ಓದಿದ. ನಂತರ ಅದರ ಕೆಳಗೆ ನಿಧಾನವಾಗಿ ‘ಮೇಲಿನಂತೆ’ ಎಂದು ಬರೆದು ಸಹಿ ಮಾಡಿದ. ಮೇಲೆ ಏನಿದೆ ಎಂದು ಓದಿ ನೋಡಿ ಹಾಗೆ ಬರೆದವನನ್ನು ನಮ್ಮ ಭಾವ ತಮ್ಮ ಜೀವಮಾನದಲ್ಲಿ ಕಂಡದ್ದು ಅದೇ ಮೊದಲು.